ತಾಳ ಕಲಿಸುವ ಆಟ

ಮಕ್ಕಳು ಪರದೆಯ ಮುಂದೆ ಕುಳಿತರೆಂದರೆ ಹಿರಿಯರ ಹುಬ್ಬು ಗಂಟಾಗುವುದು ಸಹಜ. ಆ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಡಿಯೊ ಆಟಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವೆನಿಸದು. ಬಡಿದಾಟದ ಸೋಂಕಿಲ್ಲದೆ, ಹಾಡಿನ ಲಯಕ್ಕೆ ಕೈಯನ್ನೋ ಕಾಲನ್ನೋ ಹೊಂದಿಸುವುದಷ್ಟನ್ನೇ ಗುರಿಯಾಗಿಸಿಕೊಂಡ ಆಟಗಳೂ ಉಂಟು. ಇವು ಬಹುಮಟ್ಟಿಗೆ ಜಪಾನಿನಲ್ಲಿ ಬೆಳೆದವು. 1996ರಲ್ಲಿ 'ಪರಪ್ಪ ದಿ ರ‍್ಯಾಪರ್' ಬಂದಿತು; ಹೆಸರು ನಮ್ಮೂರ ಗೌಡರದೆಂಬಂತೆ ಕೇಳಿಸಿದರೂ ಅದು ಜಪಾನಿನದೇ. 1998ರಲ್ಲಿ ಕಾಲಿನಿಂದ ಆಡುವ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಬಂದಿತು. 2006ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು ತನ್ನ ಸರಕಾರಿ ಶಾಲೆಗಳ ವ್ಯಾಯಾಮ ಪಾಠಕ್ಕೆ ಈ ಕುಣಿತದ ಆಟವನ್ನು ಸೇರಿಸುವ ಯೋಜನೆಯನ್ನೇ ಪ್ರಕಟಿಸಿತು. 2001ರಲ್ಲಿ ನಾಮ್ಕೊ ಸಂಸ್ಥೆಯು 'ತೈಕೊ ನೊ ತತ್ಸುಜಿನ್' ಎಂಬುದನ್ನು ಹೊರತಂದಿತು. ಜಪಾನಿನ ದೇವಾಲಯಗಳಲ್ಲಿ, ಹಬ್ಬಗಳಲ್ಲಿ ಕೋಲಿನಿಂದ ಬಾರಿಸುವ ವಾದ್ಯವೇ ತೈಕೊ. ನಮ್ಮ ನಗಾರಿಯ ಬಂಧು ಎನ್ನಬಹುದು.

ಈ ಆಟ ನಮಗೆ ಪರಿಚಯವಾದದ್ದು ಭಕ್ತರೊಬ್ಬರ ಮನೆಯಲ್ಲಿ. ಅವರ ಹನ್ನೊಂದು ವರ್ಷದ ಮಗ ತಬಲಾ ಪಾಠಕ್ಕೆ ಹೋಗುತ್ತಿದ್ದ. ಒಮ್ಮೆ ತಾಳ ತಪ್ಪಿ ಎಲ್ಲರೆದುರು ಗೇಲಿಗೊಳಗಾದ ಮೇಲೆ ತಬಲಾಕ್ಕೆ ಬಟ್ಟೆ ಮುಚ್ಚಿ ಮೂಲೆಗಿಟ್ಟವನು ಎಂಟು ತಿಂಗಳು ಅದರತ್ತ ಸುಳಿದಿರಲಿಲ್ಲ. ಜಪಾನಿನಲ್ಲಿ ಉದ್ಯೋಗದಲ್ಲಿರುವ ಸೋದರಮಾವ ಈ ಆಟವನ್ನೂ ಅದರ ಪುಟ್ಟ ನಗಾರಿಯನ್ನೂ ತಂದುಕೊಟ್ಟಿದ್ದರು. "ಗುರುಗಳೆ, ಸಂಗೀತ ಬಿಟ್ಟು ಇದನ್ನ ಹಿಡಕೊಂಡಾನ್ರಿ. ನೀವಾದ್ರೂ ಒಂದು ಮಾತು ಹೇಳ್ರಿ" ಎಂದು ತಾಯಿ ಕೇಳಿಕೊಂಡರು. ಹೇಳುವ ಮುನ್ನ ಆಡಿ ನೋಡುವುದು ಲೇಸೆಂದು ನಾವೂ ಕೋಲು ಹಿಡಿದೆವು.

ಪರದೆಯ ಬಲಗಡೆಯಿಂದ ಕೆಂಪು, ನೀಲಿ ಬಿಲ್ಲೆಗಳು ಸಾಲಾಗಿ ಎಡಕ್ಕೆ ಹರಿದುಬರುತ್ತವೆ. ಗುರುತಿನ ವೃತ್ತವನ್ನು ಮುಟ್ಟಿದ ಕ್ಷಣದಲ್ಲಿ ಕೆಂಪಿಗೆ ನಗಾರಿಯ ನಡುವೆ, ನೀಲಿಗೆ ಅಂಚಿನ ಮೇಲೆ ಹೊಡೆಯಬೇಕು. ನಡುವಿನ ಪೆಟ್ಟಿಗೆ 'ದೊನ್', ಅಂಚಿನದಕ್ಕೆ 'ಕ' ಎಂದು ಹೆಸರು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ನುಡಿದು ಆಮೇಲೆ ಕೈಗಿಳಿಸುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ತೈಕೊ ಕಲಿಯುವವರಲ್ಲಿಯೂ ಇಂಥದೇ ಬಾಯಿಪಾಠದ ಸಂಪ್ರದಾಯವಿದೆ. ಆಟಕ್ಕೆ ನಾಲ್ಕು ಮೆಟ್ಟಿಲು: ಸುಲಭ, ಸಾಧಾರಣ, ಕಠಿಣ, ಕೊನೆಯದು 'ಓನಿ', ಎಂದರೆ ರಾಕ್ಷಸ. ಆ ರಾಕ್ಷಸನ ಗೊಡವೆಗೆ ನಾವಿನ್ನೂ ಹೋಗಿಲ್ಲ.

ಹೊಸಬರ ತೊಡಕೆಲ್ಲ ಕಣ್ಣಿನಿಂದಲೇ ಹುಟ್ಟುವುದು. ಬಿಲ್ಲೆ ಬಂದುದನ್ನು ಕಂಡು ಹೊಡೆದರೆ ಪೆಟ್ಟು ತಡವಾಗಿಯೇ ಬೀಳುತ್ತದೆ. ಕಣ್ಣು ಕಂಡು ಕೈ ಚಲಿಸುವಷ್ಟರಲ್ಲಿ ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಕಳೆದಿರುತ್ತದೆ. ಆದುದರಿಂದ ಮೊದಲು ಕೈಕಟ್ಟಿ ಕುಳಿತು ಹಾಡನ್ನು ಎರಡು ಮೂರು ಸಲ ಕೇಳಬೇಕು. ಬಳಿಕ ದೊನ್, ಕ ಎಂದು ಬಾಯಲ್ಲಿ ಹೇಳಬೇಕು. ಕೋಲು ಎತ್ತುವುದು ಅದಾದ ಮೇಲೆ. ಆಗ ಮುಂದಿನ ಪೆಟ್ಟು ಎಲ್ಲಿ ಬೀಳಬೇಕೆಂಬುದು ಕಿವಿಗೆ ಮುಂಚಿತವಾಗಿಯೇ ತಿಳಿದಿರುತ್ತದೆ. ತಾಳಕ್ಕೆ ಕಣ್ಣೇ ಬೇಕಿಲ್ಲವೆಂಬುದಕ್ಕೆ 2010ರಲ್ಲಿ ಲಿಂಗೈಕ್ಯರಾದ ಗದಗಿನ ಪುಟ್ಟರಾಜ ಗವಾಯಿಗಳಿಗಿಂತ ಬೇರೆ ಸಾಕ್ಷಿ ನಮಗೇಕೆ? ಬಲಗೈ ಎಡಗೈಗಳನ್ನು ಸರದಿಯಂತೆ ಬಳಸುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ಇನ್ನೊಂದು ಮಾತು. ಕೆಲವು ಟಿವಿಗಳಲ್ಲಿ ಚಿತ್ರ, ತಂತಿಯಿಲ್ಲದ ಇಯರ್‌ಫೋನಿನಲ್ಲಿ ಧ್ವನಿ ತುಸು ತಡವಾಗುತ್ತದೆ. ಸರಿಯಾಗಿ ಹೊಡೆದರೂ ತಪ್ಪೆಂದೇ ತೋರುತ್ತಿದ್ದರೆ ಆಟದ ಸೆಟ್ಟಿಂಗಿನಲ್ಲಿ ಸಮಯವನ್ನು ಹೊಂದಿಸಿಕೊಳ್ಳಬೇಕೇ ಹೊರತು ಮಗುವನ್ನು ಬೈಯಬಾರದು.

ಏಕಾಗ್ರತೆ, ಕೈ ಕಿವಿಗಳ ಹೊಂದಾಣಿಕೆ ಇವೆಲ್ಲ ಲಾಭಗಳೇ. ನಮಗೆ ಅವುಗಳಿಗಿಂತ ಹಿರಿದೆಂದು ತೋರಿದ್ದು ಬೇರೆಯೇ. ಒಂದು ಪೆಟ್ಟು ತಪ್ಪಿತೆಂದು ಕೊರಗುತ್ತ ನಿಂತವನಿಗೆ ಮುಂದಿನ ನಾಲ್ಕೂ ತಪ್ಪುತ್ತವೆ. ಹೋದುದನ್ನು ಅಲ್ಲಿಯೇ ಬಿಟ್ಟು ಬರುತ್ತಿರುವುದಕ್ಕೆ ಕೈಯೊಡ್ಡಲೇಬೇಕು. ಯಂತ್ರಕ್ಕೆ ಕರುಣೆಯಿಲ್ಲವೆಂಬುದು ನಿಜ, ಆದರೆ ಕುಹಕವೂ ಇಲ್ಲ; ತಪ್ಪನ್ನು ತಪ್ಪೆಂದು ತೋರಿಸಿ ಅದೇ ಹಾಡನ್ನು ಮತ್ತೆ ಮೊದಲಿನಿಂದ ಕೊಡುತ್ತದೆ. ಆ ಹುಡುಗನಿಗೆ ಎಂಟು ತಿಂಗಳಿಂದ ಬೇಕಾಗಿದ್ದುದು ಅದೇ. ತಾಳದ ಶಾಸ್ತ್ರ ತಮಗೆ ತಿಳಿಯದೆಂದು ಬಸವಣ್ಣನವರೇ ವಚನವೊಂದರಲ್ಲಿ ವಿನಯದಿಂದ ನುಡಿದಿರುವಾಗ, ಲೆಕ್ಕ ತಪ್ಪಿದ ಕೂಸನ್ನು ಕಂಡು ನಗುವ ಅಧಿಕಾರ ಯಾರಿಗಿದೆ?

ತಾಯಿಗೂ ಒಂದು ಕೋಲು ಕೊಡಿಸಿದೆವು. ಅವರು ಬಿಲ್ಲೆಗಳ ಬೆನ್ನುಹತ್ತಿ ತಡವರಿಸುತ್ತಿದ್ದಾಗ "ನೋಡಬ್ಯಾಡವ್ವ, ಕೇಳು" ಎಂದು ಮಗ ಅವರ ಮಣಿಕಟ್ಟನ್ನು ಹಿಡಿದು ತಾಳ ಹಾಕಿಸಿದ.

ಮಿತಿಯನ್ನೂ ಹೇಳಬೇಕು. ಆಟ ಅಳೆಯುವುದು ಕಾಲವನ್ನು, ನಾದವನ್ನಲ್ಲ. ಚರ್ಮದ ಮೇಲೆ ಬೆರಳು ಹುಟ್ಟಿಸುವ ಧ್ವನಿಭೇದಗಳನ್ನು ಅದು ಕಲಿಸಲಾರದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಮಣಿಕಟ್ಟು ನೊಂದರೆ ಅಷ್ಟೂ ಬೇಡ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಮಕ್ಕಳಿದ್ದರೆ ವೈದ್ಯರನ್ನು ಕೇಳದೆ ಆಡಿಸಕೂಡದು. ಆ ಮನೆಯಲ್ಲಿ ಆಟವನ್ನು ಬಿಡಿಸಬೇಡಿರೆಂದು ತಾಯಿಗೆ ಹೇಳಿದೆವು. ನಗದೆ ಕಲಿಸುವ ಬೇರೊಬ್ಬ ತಬಲಾ ಗುರುಗಳನ್ನು ಹುಡುಕಿರೆಂದು ತಂದೆಗೆ ತಿಳಿಸಿ ಬಂದಿದ್ದೇವೆ.