ನಿಯ್ಯತ್ ಒಂದೇ ಸಾಲದು, ಇಲ್ಮ್ ಕೂಡ ಬೇಕು

ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮ ತರಗತಿಗಳಲ್ಲಿ ಕೇಳಿಬರುವುದು ನಾಲ್ಕೈದು ಹೆಸರುಗಳು ಮಾತ್ರ: ನೀಟ್, ಸಿಇಟಿ, ಸಿಎ, ಬಿಕಾಂ, ನರ್ಸಿಂಗ್. ಇವುಗಳ ನಡುವೆ ಯಾರಾದರೂ "ಸಮುದಾಯ ಸಂಗೀತದಲ್ಲಿ ಎಂಎ ಮಾಡುತ್ತೇನೆ" ಎಂದರೆ ಎಲ್ಲರೂ ನಗುವುದು ಖಂಡಿತ. ಆದರೆ ಅಂಥದ್ದೊಂದು ಸ್ನಾತಕೋತ್ತರ ಪದವಿ ನಿಜವಾಗಿಯೂ ಇದೆ. ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದಲ್ಲಿ, ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸುತ್ತಾರೆ. ದೊಡ್ಡ ವೇದಿಕೆಯಲ್ಲಿ ಕಛೇರಿ ಕೊಡುವವರನ್ನು ತಯಾರು ಮಾಡುವುದು ಇದರ ಮುಖ್ಯ ಉದ್ದೇಶವಲ್ಲ. ಆಸ್ಪತ್ರೆ, ಜೈಲು, ವೃದ್ಧಾಶ್ರಮ, ನಿರಾಶ್ರಿತರ ಶಿಬಿರ, ಬಡವರ ಬಡಾವಣೆ, ಇಂಥ ಕಡೆ ಹೋಗಿ ಜನರ ಜೊತೆ ಕುಳಿತು ಹಾಡುವ, ಅವರಿಂದಲೇ ಹಾಡಿಸುವ ಸಂಗೀತಗಾರರಿಗಾಗಿ ಇರುವ ಓದು ಇದು.

ಒಳ್ಳೆಯ ಕೆಲಸ ಮಾಡಲು ಪದವಿ ಯಾಕೆ ಬೇಕು ಎಂದು ನೀವು ಕೇಳಬಹುದು. ಮನಸ್ಸಿದ್ದರೆ ಸಾಲದೇ? ಸಾಲದು ಎಂಬುದೇ ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಒಂದು ಮಾತು. ಸಂಗೀತದ ವಿಷಯ ಬಂದ ಕೂಡಲೇ ನಮ್ಮಲ್ಲಿ ಹಲಾಲ್, ಹರಾಮ್ ಎಂಬ ಪ್ರಶ್ನೆ ಏಳುತ್ತದೆ. ವಾದ್ಯಗಳ ಬಗ್ಗೆ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ, ಅದು ಈ ಲೇಖನದ ವಿಷಯವೂ ಅಲ್ಲ. ನಾತ್, ಬುರ್ದಾ, ದಫ್ ನಮ್ಮ ಮನೆಗಳಲ್ಲಿ, ಮದುವೆಗಳಲ್ಲಿ ಇದ್ದೇ ಇವೆ. ದನಿಯ ಮೂಲಕ ಜನರನ್ನು ಸೇರಿಸುವುದು ನಮಗೇನೂ ಹೊಸದಲ್ಲ. ಹಾಗೆ ಸೇರಿಸಲು ಹೊರಟವರಿಗೆ ಏನು ಗೊತ್ತಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಕ್ಷೇತ್ರದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹೆಸರು ಮಾಡಿದ ಯೋಜನೆ ವೆನೆಜುವೆಲಾದ ಎಲ್ ಸಿಸ್ಟೆಮಾ. ಅರ್ಥಶಾಸ್ತ್ರಜ್ಞರೂ ಸಂಗೀತಗಾರರೂ ಆಗಿದ್ದ ಹೋಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ರಾಜಧಾನಿ ಕರಾಕಸ್‌ನಲ್ಲಿ ಇದನ್ನು ಆರಂಭಿಸಿದರು. ಬಡ ಮಕ್ಕಳ ಕೈಗೆ ಪಿಟೀಲು ಕೊಟ್ಟು, ಆರ್ಕೆಸ್ಟ್ರಾದಲ್ಲಿ ಕೂರಿಸಿ, ಅವರನ್ನು ಬೀದಿಯ ಹಿಂಸೆಯಿಂದ ದೂರ ಇಡುವುದು ಅವರ ಆಸೆ. ಲಕ್ಷಾಂತರ ಮಕ್ಕಳು ಅದರಲ್ಲಿ ಕಲಿತರು. ಲಾಸ್ ಏಂಜಲೀಸ್‌ನ ಪ್ರಸಿದ್ಧ ಆರ್ಕೆಸ್ಟ್ರಾವನ್ನು ಮುನ್ನಡೆಸಿದ ಗುಸ್ತಾವೊ ದುದಾಮೆಲ್ ಅಲ್ಲಿಂದಲೇ ಬಂದವರು. ಅನೇಕ ದೇಶಗಳು ಇದನ್ನು ಅನುಕರಿಸಿದವು. 2009ರಲ್ಲಿ ಅಬ್ರೆಯು ಅವರಿಗೆ ಟೆಡ್ ಪ್ರಶಸ್ತಿ ಬಂದಾಗ ಅವರು ಕೇಳಿದ್ದು, ಸಾಮಾಜಿಕ ನ್ಯಾಯದ ಕಾಳಜಿಯುಳ್ಳ 50 ಯುವ ಸಂಗೀತಗಾರರಿಗೆ ವಿಶೇಷ ತರಬೇತಿಯನ್ನು. ಅದರ ಫಲವಾಗಿ ಅಮೆರಿಕದ ಬೋಸ್ಟನ್‌ನಲ್ಲಿರುವ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಒಂದು ವರ್ಷದ ಸ್ನಾತಕೋತ್ತರ ತರಬೇತಿ ಶುರುವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಲೆಕ್ಕ ಹಾಕಿ ನೋಡಿದವರಿಗೆ ಬೇರೆಯದೂ ಕಂಡಿತು. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು 16 ಕೇಂದ್ರಗಳ 2,914 ಮಕ್ಕಳನ್ನು ಅಧ್ಯಯನ ಮಾಡಿದರು. ಮಕ್ಕಳ ಸ್ವನಿಯಂತ್ರಣದಲ್ಲಿ ಸ್ವಲ್ಪ ಸುಧಾರಣೆ ಕಂಡುಬಂತು, ನಿಜ. ಆದರೆ ಆ ಮಕ್ಕಳಲ್ಲಿ ಬಡವರ ಪ್ರಮಾಣ ಶೇ. 16.7 ಮಾತ್ರ ಇತ್ತು. ಅವರು ವಾಸವಾಗಿದ್ದ ರಾಜ್ಯಗಳಲ್ಲಿ ಬಡತನದ ಪ್ರಮಾಣ ಶೇ. 46.5. ಅಂದರೆ ಬಡವರಿಗಾಗಿ ತೆರೆದ ಬಾಗಿಲಿನೊಳಗೆ ಹೆಚ್ಚಾಗಿ ಬಂದವರು ಸ್ವಲ್ಪ ಅನುಕೂಲಸ್ಥರ ಮಕ್ಕಳು. ಜೆಫ್ರಿ ಬೇಕರ್ ಎಂಬ ಬ್ರಿಟಿಷ್ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಕಠಿಣವಾದ ಪ್ರಶ್ನೆಗಳನ್ನು ಎತ್ತಿದರು. ಅಲ್ಲಿ ಶಿಸ್ತು ವಿಪರೀತ, ಮಕ್ಕಳ ಮಾತಿಗೆ ಬೆಲೆ ಕಡಿಮೆ, ಎಲ್ಲವೂ ಮೇಲಿನಿಂದ ಬರುವ ಆಜ್ಞೆ ಎಂಬುದು ಅವರ ಟೀಕೆ. ಎಲ್ಲರೂ ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಆ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ.

ಅಬ್ರೆಯು ಅವರ ನಿಯ್ಯತ್ ಬಗ್ಗೆ ನನಗೆ ಅನುಮಾನವಿಲ್ಲ. ನಿಯ್ಯತ್ ಇದ್ದಮೇಲೂ ನೋಡಬೇಕಾದದ್ದು ಉಳಿದಿರುತ್ತದೆ ಎಂಬುದಕ್ಕೆ ಇದು ಉದಾಹರಣೆ. ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ? ಬಾರದವರನ್ನು ತಡೆದದ್ದು ಬಸ್ ಚಾರ್ಜೇ, ಮನೆಗೆಲಸವೇ, ನಾಚಿಕೆಯೇ? ಮಗುವೊಂದು ತನ್ನ ನೋವನ್ನು ಹೇಳಿಕೊಂಡರೆ ಏನು ಮಾಡಬೇಕು? ಯೋಜನೆಯ ಹಣ ನಿಂತುಹೋದ ದಿನ ಆ ಮಕ್ಕಳ ಗತಿಯೇನು? ಎಷ್ಟೇ ರಾಗ ತಾಳ ಗೊತ್ತಿದ್ದರೂ ಇವಕ್ಕೆ ಉತ್ತರ ಸಿಗುವುದಿಲ್ಲ. ಇವನ್ನು ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರದಿಂದ ಕಲಿಯಬೇಕು. ಅನುಭವಿಗಳ ಕೈಕೆಳಗೆ ಕ್ಷೇತ್ರದಲ್ಲಿ ದುಡಿದು ಕಲಿಯಬೇಕು. ಒಳ್ಳೆಯ ಸ್ನಾತಕೋತ್ತರ ಕೋರ್ಸು ಮಾಡಬೇಕಾದ ಕೆಲಸ ಇದೇ. ಯಶಸ್ಸಿನ ಕಥೆಗಳನ್ನಷ್ಟೇ ಹೇಳಿ ಕಳುಹಿಸುವ ಕೋರ್ಸಿನಿಂದ ಪ್ರಯೋಜನವಿಲ್ಲ.

"ಗದಗದ ವೀರೇಶ್ವರ ಪುಣ್ಯಾಶ್ರಮಕ್ಕೆ ಯಾವ ಎಂಎ ಬೇಕಾಗಿತ್ತು?" ಎಂದು ಕೇಳುವವರು ಇರಬಹುದು. ನ್ಯಾಯವಾದ ಪ್ರಶ್ನೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನೂರಾರು ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಕೊಟ್ಟರು, ಬದುಕಿನ ದಾರಿ ತೋರಿಸಿದರು. ಆದರೆ ಒಂದನ್ನು ಮರೆಯಬಾರದು. ಆ ಇಬ್ಬರೂ ಸ್ವತಃ ಅಂಧರು. ಕಣ್ಣಿಲ್ಲದ ಮಗುವಿನ ಕಷ್ಟವೇನು ಎಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಜೊತೆಗೆ ಅವರು ಆ ಮಕ್ಕಳ ನಡುವೆಯೇ ಬದುಕಿದರು. ವಾರಕ್ಕೆ ಎರಡು ಗಂಟೆ ಬಂದು ಹೋಗುವ ಹೊರಗಿನವರಿಗೆ ಆ ತಿಳಿವಳಿಕೆ ಹುಟ್ಟಿನಿಂದ ಬಂದಿರುವುದಿಲ್ಲ. ಅವರು ಅದನ್ನು ಕಲಿತೇ ಪಡೆಯಬೇಕು.

ಒಳಗಿನವರೇ ಓದನ್ನೂ ಪಡೆದರೆ ಏನಾಗುತ್ತದೆ ಎಂಬುದಕ್ಕೆ ಅಫ್ಘಾನಿಸ್ತಾನದ ಅಹ್ಮದ್ ಸರ್ಮಸ್ತ್ ಅವರನ್ನು ನೋಡಬಹುದು. ಅವರು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಸಂಗೀತದಲ್ಲಿ ಪಿಎಚ್‌ಡಿ ಪಡೆದು ಕಾಬೂಲ್‌ಗೆ ಮರಳಿದರು. 2010ರಲ್ಲಿ ಅಲ್ಲಿ ರಾಷ್ಟ್ರೀಯ ಸಂಗೀತ ಸಂಸ್ಥೆ ತೆರೆಯಿತು. ಅನಾಥ ಮಕ್ಕಳಿಗೆ, ಬೀದಿಯಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿತ್ತು. ಪಿಯಾನೊ, ಪಿಟೀಲಿನ ಜೊತೆಗೆ ರುಬಾಬ್, ಸಿತಾರ್, ತಬಲಾಗಳನ್ನೂ ಕಲಿಸುತ್ತಿದ್ದರು. 2014ರಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಸರ್ಮಸ್ತ್ ತೀವ್ರವಾಗಿ ಗಾಯಗೊಂಡರು. ಚಿಕಿತ್ಸೆ ಪಡೆದು ಮತ್ತೆ ಅದೇ ಶಾಲೆಗೆ ಹಿಂತಿರುಗಿದರು. 2021ರಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದಾಗ ಶಾಲೆ ಮುಚ್ಚಿತು. ಆಗ ವಿದ್ಯಾರ್ಥಿಗಳು, ಶಿಕ್ಷಕರು, ಕುಟುಂಬದವರು ಸೇರಿ 273 ಮಂದಿಯನ್ನು ದೇಶದಿಂದ ಹೊರತಂದು ಪೋರ್ಚುಗಲ್‌ಗೆ ಮುಟ್ಟಿಸಲಾಯಿತು.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊಣೆಗಾರಿಕೆ. ಮಗುವೊಂದನ್ನು ವೇದಿಕೆ ಹತ್ತಿಸಿದರೆ ಊರಿಗೆಲ್ಲ ಅದರ ಮುಖದ ಗುರುತು ಸಿಗುತ್ತದೆ. ಚಪ್ಪಾಳೆ ಮುಗಿದ ಮೇಲೆ ಅದಕ್ಕೆ ತೊಂದರೆಯಾದರೆ ಜವಾಬ್ದಾರಿ ಹತ್ತಿಸಿದವರದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಆ ಮಗು ನಮ್ಮ ಕೈಗೆ ಬಂದ ಅಮಾನತ್.

ಹಾಗಾದರೆ ಈ ಕೋರ್ಸುಗಳೇ ಸರಿಯಾಗಿವೆಯೇ? ಒಂದು ದೊಡ್ಡ ಕೊರತೆ ಇದೆ. ವಿದೇಶದ ಶುಲ್ಕ ಕಟ್ಟುವುದು ನಮ್ಮಂಥ ಮನೆಗಳಿಗೆ ಸುಲಭವಲ್ಲ. ಮೊದಲೊಂದು ಪದವಿ ಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಹೀಗಾದಾಗ ಯಾವ ಬಡಾವಣೆಗೆ ಸಂಗೀತ ಕೊಂಡೊಯ್ಯಬೇಕೋ, ಅಲ್ಲಿನ ಹುಡುಗ ಹುಡುಗಿಯರೇ ಕೋರ್ಸಿನ ಹೊರಗೆ ಉಳಿಯುತ್ತಾರೆ. ವೆನೆಜುವೆಲಾದಲ್ಲಿ ಕಂಡ ಸಮಸ್ಯೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ. ವಿದ್ಯಾರ್ಥಿವೇತನ ಕೊಡುವಾಗ ಅಂಥವರಿಗೇ ಮೊದಲ ಆದ್ಯತೆ ಸಿಗಬೇಕು.

ಅದಕ್ಕಾಗಿ ಕಾದು ಕೂರಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ ಪಿಯು ಪಠ್ಯಕ್ರಮದಲ್ಲೇ ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತ ಐಚ್ಛಿಕ ವಿಷಯಗಳಾಗಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಬಿಎ ಮುಗಿಸಿ ಎಂಎಸ್‌ಡಬ್ಲ್ಯು ಓದುವವರು ನಮ್ಮಲ್ಲೂ ಇದ್ದಾರೆ. ದನಿಯೂ ಇರುವ, ಜನರ ಕಷ್ಟವೂ ಅರ್ಥವಾಗುವ ಒಬ್ಬ ವಿದ್ಯಾರ್ಥಿ ಈ ಎರಡನ್ನೂ ಸೇರಿಸಿ ಓದಬಹುದು. ನಮ್ಮ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ಈ ದಾರಿಯ ಹೆಸರನ್ನಾದರೂ ಹೇಳಬೇಕು ಎಂಬುದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ಗೆಳೆಯ ಗೆಳತಿಯರಲ್ಲಿಯೂ ಒಂದು ವಿನಂತಿ ಇದೆ. ಮುಂದೆ ಯಾವುದಾದರೂ ಅನಾಥಾಲಯಕ್ಕೋ ಆಸ್ಪತ್ರೆಗೋ ಹಾಡಲು ಹೋಗುವ ಮಾತು ಬಂದರೆ, ಯಾವ ಹಾಡು ಎಂದು ನಾವೇ ಮೊದಲು ತೀರ್ಮಾನಿಸುವುದು ಬೇಡ. ಅಲ್ಲಿರುವವರಿಗೆ ಹಾಡು ಬೇಕೇ, ಬೇಕಾದರೆ ಯಾವುದು, ಅವರಿಗೂ ಹಾಡುವ ಆಸೆ ಇದೆಯೇ ಎಂದು ಮೊದಲು ಕೇಳೋಣ. ಈ ಓದು ಅಲ್ಲಿಂದಲೇ ಶುರುವಾಗುತ್ತದೆ, ಅದಕ್ಕೆ ಶುಲ್ಕವೂ ಇಲ್ಲ.