ಬಾಣಂತನಕ್ಕೆ ಹೊರಟವರ ವಿಮೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಂದೆತಾಯಿಯ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಸಾರಿನ ಪುಡಿ, ಆರು ತಿಂಗಳಿಗಾಗುವಷ್ಟು ಬಿಪಿ, ಶುಗರ್ ಮಾತ್ರೆ ಎಲ್ಲವೂ ಇರುತ್ತವೆ. ವಿಮೆಯ ಮಾತೆತ್ತಿದರೆ ಮಾತ್ರ, ‘ವೀಸಾದವರೇ ಕೇಳಲಿಲ್ಲವಲ್ಲ’ ಎನ್ನುತ್ತಾರೆ. ಕೇಳದಿರುವುದು ನಿಜ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಅಂಥ ನಿಯಮವಿಲ್ಲ. ಆಸ್ಪತ್ರೆ ಖರ್ಚು ಅತಿ ದುಬಾರಿಯಾದ ದೇಶಗಳ ಮೊದಲ ಸಾಲಿನಲ್ಲಿರುವುದೂ ಅದೇ ಅಮೆರಿಕ.

‘ಜೀವಕ್ಕೆ ಅಪಾಯವಿದ್ದರೆ ಅಲ್ಲಿ ಯಾರನ್ನೂ ವಾಪಸು ಕಳಿಸುವುದಿಲ್ಲವಂತೆ’ ಎಂಬ ಮಾತೂ ಉಂಟು. ಅದು ಅರ್ಧ ಸತ್ಯ. 1986ರ ಕಾನೂನಿನ ಪ್ರಕಾರ ತುರ್ತು ವಿಭಾಗವಿರುವ ಬಹುತೇಕ ಆಸ್ಪತ್ರೆಗಳು ದುಡ್ಡಿನ ಲೆಕ್ಕ ನೋಡದೆ ರೋಗಿಯನ್ನು ಪರೀಕ್ಷಿಸಿ, ಅಪಾಯ ತಪ್ಪುವವರೆಗೆ ಚಿಕಿತ್ಸೆ ಕೊಡಲೇಬೇಕು. ಬಿಲ್ ಮನ್ನಾ ಮಾಡಿ ಎಂದು ಆ ಕಾನೂನು ಹೇಳುವುದಿಲ್ಲ. ಆಂಬುಲೆನ್ಸಿನದು, ಆಸ್ಪತ್ರೆಯದು, ವೈದ್ಯರದು ಎಂದು ಬಿಲ್‌ಗಳು ಆಮೇಲೆ ಒಂದೊಂದಾಗಿ ಮನೆಗೆ ಬರುತ್ತವೆ. ಅಲ್ಲಿನ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್, ಪ್ರವಾಸಿಯಾಗಿ ಹೋದವರಿಗೆ ಸಿಗದು. ಮಗಳ ಕಂಪನಿ ಕೊಟ್ಟ ವಿಮೆಯಲ್ಲೂ ಸಾಮಾನ್ಯವಾಗಿ ಅಪ್ಪ ಅಮ್ಮನಿಗೆ ಜಾಗವಿರುವುದಿಲ್ಲ.

ದುಡ್ಡಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದಿದೆ. ವಿಮೆಯಿಲ್ಲದ ಅಪ್ಪ ನಡುರಾತ್ರಿ ಎದೆ ಹಿಡಿದುಕೊಂಡರೆ ‘ಗ್ಯಾಸ್ ಇರಬೇಕು’ ಎಂದು ಒಬ್ಬರೇ ಎದ್ದು ಬಿಸಿನೀರು ಕುಡಿಯುತ್ತಾರೆ. ಹಸುಗೂಸಿನ ಮನೆ, ಮಗಳ ತಲೆಗೆ ಸಾಲ ಕಟ್ಟುವುದು ಹೇಗೆಂಬ ಸಂಕೋಚ. ಹೃದಯಾಘಾತವೇ ಆಗಿದ್ದರೆ, ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ವಿಮೆ ಇದ್ದಿದ್ದರೆ ಅವರು ಮಗಳನ್ನು ಎಬ್ಬಿಸುತ್ತಿದ್ದರು. ‘ಏನೂ ಆಗಲಿಲ್ಲ, ಪ್ರೀಮಿಯಂ ದಂಡ’ ಎಂದು ಹಿಂತಿರುಗಿ ಬಂದವರು ಹೇಳುವಾಗ, ಆ ಆರು ತಿಂಗಳು ನೋವನ್ನು ನೋವು ಎಂದು ಹೇಳಿಕೊಳ್ಳುವ ಧೈರ್ಯ ತಮಗಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವುದೋ ಅಗ್ಗದ ಪಾಲಿಸಿ ಕೊಂಡರೆ ಆ ಧೈರ್ಯ ಬಾರದು. ಮೊದಲೇ ಇದ್ದ ಕಾಯಿಲೆಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಕೆಲವು ಅದು ದಿಢೀರನೆ ಉಲ್ಬಣಿಸಿದಾಗ ಮಾತ್ರ, ಒಂದು ಮಿತಿಯವರೆಗೆ ಕೊಡುತ್ತವೆ. ಶುಗರ್ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾದೀತು. ಆದ್ದರಿಂದ ಟಿಕೆಟ್ ಮಾಡಿಸುವಾಗಲೇ, ಹತ್ತು ವರ್ಷದಿಂದ ನುಂಗುತ್ತಿರುವ ಮಾತ್ರೆಗಳ ಚೀಟಿ ಮುಂದಿಟ್ಟುಕೊಂಡು ಅರ್ಜಿ ತುಂಬಬೇಕು. ಅಲ್ಲಿ ತಲುಪಿದ ಮೇಲೆ ಸಹಾಯವಾಣಿಯ ನಂಬರು ಫ್ರಿಜ್ಜಿನ ಬಾಗಿಲ ಮೇಲಿರಲಿ, ಅಳಿಯನ ಮೊಬೈಲಿನಲ್ಲೂ ಇರಲಿ.