ಸಾಲ ಕೊಟ್ಟ ಕೈ, ಬಾಯಿ ಮುಚ್ಚುವ ಕೈ

ಹೋದ ತಿಂಗಳು ನಮ್ಮ ಹತ್ತಿರ ಒಬ್ಬರು ಬಂದಿದ್ದರು. ಹೊರಗಿನವರಲ್ಲ, ನಮ್ಮವರೇ. ಹಾಸ್ಟೆಲುಗಳಿಗೆ ಅಕ್ಕಿ ಬೇಳೆ ಹಾಕುವ ಒಬ್ಬ ಕಂಟ್ರಾಕ್ಟರು ಅವರನ್ನು ಕಳಿಸಿದ್ದ. 'ಈ ಮಸಿ ಹಾಳೆಯಲ್ಲಿ ಇನ್ನೂ ಎಷ್ಟು ದಿನ ಒದ್ದಾಡ್ತೀರಿ? ಹಿಂದಿನ ಪುಟ ಅವರ ಜಾಹೀರಾತಿಗೆ ಕೊಡಿ. ವರ್ಷದ ಕಾಗದದ ಖರ್ಚು ಅವರದು. ನೀವು ಏನು ಬೇಕಾದರೂ ಬರ್ಕೊಳ್ಳಿ, ಅವರು ತುಟಿ ಬಿಚ್ಚೋದಿಲ್ಲ' ಅಂದರು.

ಬೇಡ ಅನ್ನೋದು ಸುಲಭವಾಗಿರಲಿಲ್ಲ. ಸ್ಟೆನ್ಸಿಲ್, ಮಸಿ, ಕಾಗದದ ಬಾಕಿ ಅಂಗಡಿಯಲ್ಲಿ ನಿಂತಿದೆ. ಎರಡು ರಾತ್ರಿ ಕೂತು ಜಗಳವಾಡಿದೆವು. ಕೊನೆಗೆ ಬೇಡ ಅಂದೆವು. 'ಬಾಗಿಲಿಗೆ ಬಂದ ದುಡ್ಡನ್ನ ಒದ್ದರು' ಅಂತ ನಿಮ್ಮಲ್ಲೇ ಕೆಲವರು ಬಯ್ಯುತ್ತಿದ್ದೀರಿ. ಈ ಹಾಳೆ ನಿಮ್ಮದು. ಅದಕ್ಕೇ ಲೆಕ್ಕ ಒಪ್ಪಿಸುತ್ತಿದ್ದೇವೆ.

ನಾಳೆ ಅನ್ನದಲ್ಲಿ ಹುಳ ಸಿಕ್ಕಿತು ಅನ್ನಿ. ತಟ್ಟೆ ಹಿಡಿದುಕೊಂಡು ನೀವು ನಮ್ಮ ಹತ್ತಿರ ಬರುತ್ತೀರಿ. ಬರೆಯುತ್ತೇವೆ ಅಂತ ಇವತ್ತು ಎದೆ ತಟ್ಟಿ ಹೇಳಬಹುದು. ಆದರೆ ಪೆನ್ನು ಹಿಡಿದಾಗ ಆ ಹಿಂದಿನ ಪುಟ ಕಣ್ಣಿಗೆ ಕಟ್ಟುತ್ತದೆ. 'ಈ ಸಲ ಬೇಡ, ಮೊದಲು ವಾರ್ಡನ್ ಹತ್ತಿರ ಮಾತಾಡಿ ನೋಡೋಣ' ಅನ್ನುತ್ತೇವೆ. ಕಂಟ್ರಾಕ್ಟರು ಒಂದು ಫೋನೂ ಮಾಡಿರುವುದಿಲ್ಲ. ನಮ್ಮ ಬಾಯಿಗೆ ನಾವೇ ಬಟ್ಟೆ ತುರುಕಿಕೊಂಡಿರುತ್ತೇವೆ.

ನಾಲ್ಕು ಹಾಳೆಯ ನಮ್ಮ ಪಾಡೇ ಇದಾದರೆ ನೂರಾರು ಕೋಟಿಯ ಪತ್ರಿಕೆ, ಟೀವಿಗಳ ಪಾಡೇನು?

ಎನ್‌ಡಿಟಿವಿಯ ಕಥೆ ಕೇಳಿ. ಪ್ರಣಯ್ ರಾಯ್, ರಾಧಿಕಾ ರಾಯ್ ದಂಪತಿ ಕಟ್ಟಿದ ಸಂಸ್ಥೆ ಅದು. ಅವರ ಹಿಡಿತದ ಕಂಪನಿಯೊಂದು 2009-10ರಲ್ಲಿ, ಹಳೆಯ ಬ್ಯಾಂಕ್ ಸಾಲ ತೀರಿಸಲು, ವಿಶ್ವಪ್ರಧಾನ್ ಕಮರ್ಷಿಯಲ್ ಅನ್ನುವ ಕಂಪನಿಯಿಂದ ಸುಮಾರು 403 ಕೋಟಿ ರೂಪಾಯಿ ಎತ್ತಿತು. ಆ ಹಣದ ಮೂಲ ರಿಲಯನ್ಸ್ ಬಳಗದ ಕಂಪನಿ. ಬಡ್ಡಿ ಇಲ್ಲ! ಬಡ್ಡಿ ಇಲ್ಲದೆ ಸಾಲ ಕೊಡುವ ಸಾಹುಕಾರನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬಡ್ಡಿ ಕಾಗದದ ಒಳಗೆ ಅಡಗಿತ್ತು. ಸಾಲ ಕೊಟ್ಟವನು ಬೇಕೆಂದಾಗ ಆ ಸಾಲವನ್ನು ಷೇರು ಮಾಡಿಕೊಂಡು ಸಾಲ ಪಡೆದ ಕಂಪನಿಯನ್ನೇ ಹೆಚ್ಚೂಕಡಿಮೆ ಪೂರ್ತಿ ನುಂಗಬಹುದು ಅಂತ ಬರೆಸಿಕೊಂಡಿದ್ದರು.

ಕಾಗದ ಹನ್ನೆರಡು ಹದಿಮೂರು ವರ್ಷ ಪೆಟ್ಟಿಗೆಯಲ್ಲಿ ಮಲಗಿತ್ತು. 2022ರ ಆಗಸ್ಟ್‌ನಲ್ಲಿ ಅದಾನಿ ಬಳಗ ಆ ಸಾಲ ಕೊಟ್ಟ ಕಂಪನಿಯನ್ನೇ ಕೊಂಡುಕೊಂಡಿತು. ಕಾಗದ ಎದ್ದು ಕೂತಿತು. ಎನ್‌ಡಿಟಿವಿಯ ಶೇಕಡಾ 29.18 ಪಾಲು ಕೈ ಬದಲಾಯಿತು. ನಮ್ಮನ್ನು ಕೇಳಲೇ ಇಲ್ಲ ಅಂತ ಕಟ್ಟಿದವರು ಹೇಳಿದರು. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆ ವರ್ಷದ ಕೊನೆಗೆ ಅವರೇ ತಮ್ಮ ಉಳಿದ ಪಾಲಿನಲ್ಲಿ ಬಹುಭಾಗ ಮಾರಿ ಹೊರಟರು. ಸುಮಾರು ಶೇಕಡಾ 65 ಹೊಸ ಧಣಿಯದಾಯಿತು. ನವೆಂಬರ್ 30ರಂದು ರವೀಶ್ ಕುಮಾರ್ ರಾಜೀನಾಮೆ ಕೊಟ್ಟಿದ್ದರು.

ನಮ್ಮ ಅಪ್ಪಂದಿರಿಗೆ ಈ ಕಥೆ ಹೊಸದೇ? ಮದುವೆಗೆ ಇನ್ನೂರು ರೂಪಾಯಿ ಕೊಟ್ಟ ಗೌಡ ಅವತ್ತು ಬಡ್ಡಿ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡ, ಅಷ್ಟೆ. ಹತ್ತು ವರ್ಷಕ್ಕೆ ಹೊಲ ಅವನದು, ಮಗ ಅವನ ಕೊಟ್ಟಿಗೆಯಲ್ಲಿ. ವ್ಯತ್ಯಾಸ ಒಂದೇ. ನಮ್ಮಪ್ಪನಿಗೆ ಓದಲು ಬರುತ್ತಿರಲಿಲ್ಲ. ಇವರು ಓದಿ ಸಹಿ ಹಾಕಿದರು.

ಇದು ಒಂದು ಮನೆಯ ಕಥೆಯಲ್ಲ. 2014ರಲ್ಲಿ ನೆಟ್‌ವರ್ಕ್ 18 ರಿಲಯನ್ಸ್ ಕೈಗೆ ಹೋಯಿತು. ಅದರ ಜೊತೆ ಹಲವು ಭಾಷೆಗಳ ಸುದ್ದಿ ಚಾನೆಲ್‌ಗಳೂ ಹೋದವು, ಕನ್ನಡದ್ದೂ ಸೇರಿ. 2023ರ ಡಿಸೆಂಬರ್‌ನಲ್ಲಿ ಐಎಎನ್‌ಎಸ್ ಸುದ್ದಿಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅದಾನಿ ಬಳಗ ಕೊಂಡಿತು. ನಮ್ಮ ನಾಡಲ್ಲೇ, ಲಾರಿ ಸಾರಿಗೆಯ ಒಡೆಯರು ಕಟ್ಟಿ ಬೆಳೆಸಿದ 'ವಿಜಯ ಕರ್ನಾಟಕ' 2006ರಲ್ಲಿ ಟೈಮ್ಸ್ ಬಳಗಕ್ಕೆ ಮಾರಾಟವಾಯಿತು. ಪತ್ರಿಕೆ ಕೊಳ್ಳುವ ಮಾರುವ ಸರಕಾದ ಮೇಲೆ ಓದುಗನೂ ಅದರ ಜೊತೆಗೇ ಮಾರಾಟವಾಗುತ್ತಾನೆ, ದನದ ಜೊತೆ ಹಗ್ಗ ಹೋದ ಹಾಗೆ.

'ಆರು ರೂಪಾಯಿಗೋ ಏಳು ರೂಪಾಯಿಗೋ ಇಷ್ಟು ಪುಟ ಕೊಡ್ತಾರಲ್ಲ' ಅಂತ ಒಬ್ಬ ಹುಡುಗ ಕೇಳಿದ. ಅಲ್ಲೇ ಗುಟ್ಟಿರೋದು. ನೀನು ಕೊಡುವ ದುಡ್ಡಿನಲ್ಲಿ ಆ ಪತ್ರಿಕೆಯ ಖರ್ಚು ಹುಟ್ಟುವುದಿಲ್ಲಪ್ಪ. ಉಳಿದದ್ದನ್ನು ಜಾಹೀರಾತು ಕೊಡುವವನು ತುಂಬುತ್ತಾನೆ. ಹಾಗಾಗಿ ಪತ್ರಿಕೆಗೆ ನಿಜವಾದ ಗಿರಾಕಿ ಅವನು. ನೀನು ಅವನಿಗೆ ಮಾರಿದ ಸರಕು.

ಆ ಗಿರಾಕಿಗಳಲ್ಲಿ ದೊಡ್ಡವನು ಸರ್ಕಾರ. 2019ರಲ್ಲಿ ಕೇಂದ್ರ ಸರ್ಕಾರ ಟೈಮ್ಸ್, ಹಿಂದೂ, ಆನಂದ ಬಜಾರ್ ಬಳಗಗಳಿಗೆ ಜಾಹೀರಾತು ನಿಲ್ಲಿಸಿದೆ ಅನ್ನುವ ಸುದ್ದಿ ಬಂತು. ಅದೇ ವರ್ಷ ಕಾಶ್ಮೀರದಲ್ಲಿ ಎರಡು ಪತ್ರಿಕೆಗಳಿಗೆ ಜಾಹೀರಾತು ನಿಂತಾಗ ಅಲ್ಲಿನ ಪತ್ರಿಕೆಗಳು ಮುಖಪುಟ ಖಾಲಿ ಬಿಟ್ಟು ಪ್ರತಿಭಟಿಸಿದವು. ಇಷ್ಟು ದೊಡ್ಡವರನ್ನೇ ಹೀಗೆ ಬಗ್ಗಿಸುವಾಗ ತಾಲ್ಲೂಕಿನ ಸಣ್ಣ ಪತ್ರಿಕೆಯವನು ಏನು ಮಾಡಿಯಾನು? ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಚಿತ್ರದ ಪಕ್ಕ ಮಂತ್ರಿಗಳ ಚಿತ್ರ ಹಾಕಿ ಇಡೀ ಪುಟ ಬರುತ್ತದೆ. ಏಪ್ರಿಲ್ 15ಕ್ಕೆ ನಮ್ಮ ಕೇರಿಗೆ ನೀರು ನಿಲ್ಲಿಸಿದ ಸುದ್ದಿ ಒಳಪುಟದ ಮೂಲೆಯಲ್ಲೂ ಇರುವುದಿಲ್ಲ.

ಇದನ್ನೆಲ್ಲ ಯಾರೂ ಹೇಳಿಲ್ಲವೇ? ಹೇಳಿದ್ದಾರೆ. 1982ರಲ್ಲಿ ಎರಡನೇ ಪ್ರೆಸ್ ಆಯೋಗ ಪತ್ರಿಕೆಗಳನ್ನು ಬೇರೆ ಉದ್ಯಮಗಳ ಹಿಡಿತದಿಂದ ಬಿಡಿಸಬೇಕು ಅಂದಿತು. 2010ರಲ್ಲಿ ಪ್ರೆಸ್ ಕೌನ್ಸಿಲಿನ ಇಬ್ಬರು ಸದಸ್ಯರು ಚುನಾವಣೆ ಸಮಯದಲ್ಲಿ ದುಡ್ಡು ತಗೊಂಡು ಸುದ್ದಿ ಹಾಕಿದವರ ಹೆಸರು ಹಿಡಿದು ವರದಿ ಬರೆದರು. ಕೌನ್ಸಿಲೇ ಪೂರ್ತಿ ವರದಿಯನ್ನು ಅದುಮಿಟ್ಟಿತು. ಮಾಹಿತಿ ಆಯೋಗ ಹೇಳಿದ ಮೇಲೆ 2011ರಲ್ಲಿ ಅದು ಹೊರಬಂತು. 2014ರಲ್ಲಿ ಟ್ರಾಯ್, ರಾಜಕೀಯ ಪಕ್ಷಗಳನ್ನು ಮಾಧ್ಯಮದಿಂದ ದೂರ ಇಡಿ, ದೊಡ್ಡ ಉದ್ಯಮಿಗಳಿಗೆ ಕಡಿವಾಣ ಹಾಕಿ ಅಂತ ಶಿಫಾರಸು ಮಾಡಿತು. ಅದನ್ನು ಕಾನೂನು ಮಾಡಲಿಲ್ಲ. ಕಾನೂನು ಮಾಡುವವರೂ ಅದೇ ಟೀವಿಯಲ್ಲಿ ಮುಖ ತೋರಿಸಬೇಕಲ್ಲ!

ಆದರೆ ಗೆಳೆಯರೇ, ಒಂದು ಮಾತು ಬಿಚ್ಚಿ ಹೇಳಬೇಕು. ಹಳೇ ಧಣಿ ಹೋದ ಅಂತ ನಗರದ ಬುದ್ಧಿಜೀವಿಗಳು ಅಳುತ್ತಿದ್ದಾರೆ. ಅಳಲಿ, ಅವರ ದುಃಖ ಸುಳ್ಳಲ್ಲ. ಆ ಹಳೇ ಧಣಿಯ ಮನೆಯಲ್ಲಿ ನಾವು ಎಲ್ಲಿದ್ದೆವು? 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿದರು. ಸಿಗಲಿಲ್ಲ. 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಮುಖ್ಯಸ್ಥರ ಲೆಕ್ಕ ಹಾಕಿದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. 2019ರಲ್ಲಿ ಮತ್ತೊಂದು ಸಮೀಕ್ಷೆ: 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರವು, ನಮ್ಮವು ಸೊನ್ನೆ. 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ಕುಟುಂಬದ ನಾಲ್ವರನ್ನು ಕೊಂದಾಗ ಮೊದಲು ಬಂದ ಸುದ್ದಿ 'ಅನೈತಿಕ ಸಂಬಂಧ' ಅಂತ. ಜನ ಬೀದಿಗಿಳಿದ ಮೇಲೆ ದೊಡ್ಡ ಪತ್ರಿಕೆಗಳ ಕಣ್ಣು ಬಿಟ್ಟಿತು. ಆಗ ಎನ್‌ಡಿಟಿವಿ ಇನ್ನೂ ಕಟ್ಟಿದವರ ಕೈಯಲ್ಲೇ ಇತ್ತು.

ಅಂದರೆ ನಮಗೆ ಎರಡು ಬೀಗ. ಒಂದು ದುಡ್ಡಿನದು, ಇನ್ನೊಂದು ಜಾತಿಯದು. ಮೊದಲಿನದು ಮುರಿದರೂ ಎರಡನೆಯದು ಹಾಗೇ ಇರುತ್ತದೆ.

ಬಾಬಾಸಾಹೇಬರು ಇದನ್ನು ನೂರು ವರ್ಷದ ಹಿಂದೆಯೇ ಅನುಭವಿಸಿದರು. 1920ರ ಜನವರಿ 31ರಂದು 'ಮೂಕನಾಯಕ' ಹೊರಟಾಗ, ದುಡ್ಡು ಕೊಡ್ತೀವಿ ಜಾಹೀರಾತು ಹಾಕಿ ಅಂದರೂ 'ಕೇಸರಿ' ಹಾಕಲಿಲ್ಲ. ನೋಡಿ, ಇಲ್ಲಿ ದುಡ್ಡೂ ಕೆಲಸ ಮಾಡಲಿಲ್ಲ, ಜಾತಿ ಕೆಲಸ ಮಾಡಿತು! 1943ರಲ್ಲಿ ಪುಣೆಯ ಭಾಷಣದಲ್ಲಿ ಅವರು, ಪತ್ರಿಕಾವೃತ್ತಿ ಈ ದೇಶದಲ್ಲಿ ವ್ಯಾಪಾರವಾಗಿದೆ, ಸೋಪು ತಯಾರಿಸುವುದಕ್ಕಿಂತ ಹೆಚ್ಚಿನ ನೈತಿಕತೆ ಅದಕ್ಕೆ ಉಳಿದಿಲ್ಲ ಎಂಬ ಅರ್ಥದಲ್ಲಿ ಹೇಳಿದರು.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. 'ಮೂಕನಾಯಕ'ಕ್ಕೆ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರು. ಹಾಗಾದರೆ ಅದೂ ಒಬ್ಬರ ದುಡ್ಡೇ ಅಲ್ವೇ ಅಂತ ಕೇಳಬಹುದು. ಹೌದು. ದುಡ್ಡಿಲ್ಲದೆ ಪತ್ರಿಕೆ ಇಲ್ಲ. 'ಮೂಕನಾಯಕ' 1923ಕ್ಕೆ ನಿಂತಿತು. 1927ರಲ್ಲಿ ಶುರುವಾದ 'ಬಹಿಷ್ಕೃತ ಭಾರತ'ವೂ ದುಡ್ಡಿಲ್ಲದೆ ಎರಡೇ ವರ್ಷಕ್ಕೆ ನಿಂತಿತು. ದುಡ್ಡು ಮುಟ್ಟಬಾರದು ಅಂತ ನಾವು ಹೇಳುತ್ತಿಲ್ಲ. ಕೊಟ್ಟವನಿಗೂ ನಾವು ಬರೆಯಬೇಕಾದ ಸುದ್ದಿಗೂ ನಂಟು ಏನು ಅಂತ ಕೇಳಬೇಕು. ಶಾಹು ಮಹಾರಾಜರು ಹಾಸ್ಟೆಲಿಗೆ ಹುಳದ ಅಕ್ಕಿ ಮಾರುತ್ತಿರಲಿಲ್ಲ. 1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲ್ ಹುಡುಗರ ಮೇಲೆ ಏಟು ಬಿದ್ದ ಕಾಲದಿಂದ ನಮಗೆ ನಮ್ಮದೇ ಹಾಳೆ ಬೇಕು ಅಂತ ಗೊತ್ತು. ಮೈಸೂರಿನಲ್ಲಿ 'ಪಂಚಮ' ಹುಟ್ಟಿದ್ದೂ ಅಂಥ ಹಸಿವಿನಿಂದಲೇ.

ಒಬ್ಬ ಕೊಡುವ ಹತ್ತು ಸಾವಿರ ನಮ್ಮನ್ನು ಕೊಳ್ಳುತ್ತದೆ. ಸಾವಿರ ಜನ ಕೊಡುವ ಹತ್ತು ಹತ್ತು ರೂಪಾಯಿ ನಮ್ಮನ್ನು ಕೊಳ್ಳಲಾರದು, ಕಾಯುತ್ತದೆ. ಅದಕ್ಕೇ ಕೇಳುತ್ತಿದ್ದೇವೆ. ಈ ಹಾಳೆಯನ್ನು ಪುಕ್ಕಟೆ ಓದಬೇಡಿ. ಒಂದು ರೂಮಿಗೆ ಒಂದಾದರೂ ಕೊಳ್ಳಿ. ಬರೆಯಲು ಬರುವವರು ನಿಮ್ಮ ಊರಿನ, ಕೇರಿಯ ಸುದ್ದಿ ಬರೆದು ಕೊಡಿ. ತಾರೀಖು, ಹೆಸರು, ನಡೆದದ್ದು ಸರಿಯಾಗಿರಲಿ, ಅಲಂಕಾರ ಬೇಡ. ಜರ್ನಲಿಸಂ ಓದುತ್ತಿರುವ ತಂಗಿ ತಮ್ಮಂದಿರೇ, ನಾಳೆ ದೊಡ್ಡ ಪತ್ರಿಕೆಗೆ ಸೇರಿ, ಸೇರಲೇಬೇಕು, ಎರಡನೇ ಬೀಗ ಒಳಗಿನಿಂದಲೂ ಮುರಿಯಬೇಕು. ಆದರೆ ಅಲ್ಲಿ ಬಿಡದ ಸುದ್ದಿಯನ್ನು ಇಲ್ಲಿಗೆ ತನ್ನಿ.

ಪ್ರತಿ ಸಂಚಿಕೆಯ ಖರ್ಚು ವೆಚ್ಚವನ್ನು ಮುಂದಿನ ಸಂಚಿಕೆಯಿಂದ ಹಿಂದಿನ ಪುಟದಲ್ಲೇ ಹಾಕುತ್ತೇವೆ. ಆ ಕಂಟ್ರಾಕ್ಟರು ಕೇಳಿದ ಅದೇ ಪುಟದಲ್ಲಿ. ಯಾರಿಂದ ಎಷ್ಟು ಬಂತು, ಎಲ್ಲಿ ಹೋಯಿತು, ನೋಡಿ ಪ್ರಶ್ನೆ ಮಾಡಿ. ನಾವೂ ಎಡವಿದರೆ ಕಿವಿ ಹಿಂಡಿ.

ಜೈ ಭೀಮ್.